ನಾಲ್ಕು ಕಾರು, ನಾಲ್ಕು ಸ್ವಭಾವ

ಕಾರಿನ ಚಿತ್ರವಿರುವ ಕಾರ್ಡುಗಳನ್ನು ಹಂಚಿಕೊಂಡು ಆಡುವ ಆಟ ಮಕ್ಕಳಿಗೆಲ್ಲ ಗೊತ್ತು. ‘ನನ್ನದು ಗಂಟೆಗೆ 324 ಕಿಲೋಮೀಟರ್’ ಎಂದು ಒಬ್ಬ ಕಾರ್ಡು ಇಳಿಸುತ್ತಾನೆ. ‘ನನ್ನದು 315’ ಎಂದವಳ ಕಾರ್ಡು ಅವನ ಪಾಲಾಗುತ್ತದೆ. ಅಲ್ಲಿಗೆ ತೀರ್ಪು ಮುಗಿಯಿತು. ಆದರೆ ಆ ಎರಡು ಕಾರುಗಳ ನಡುವಿನ ನಿಜವಾದ ವ್ಯತ್ಯಾಸ ಆ ಒಂಬತ್ತು ಕಿಲೋಮೀಟರಿನಲ್ಲಿ ಇಲ್ಲ. ಒಂದು ಕಾರನ್ನು ಓಡಿಸಿ ಇಳಿದವರ ಅಂಗಿ ಬೆವರಿನಿಂದ ತೊಯ್ದಿರುತ್ತದೆ. ಇನ್ನೊಂದರಲ್ಲಿ ಪಕ್ಕದವರೊಂದಿಗೆ ಹರಟೆ ಹೊಡೆಯುತ್ತಲೇ ಊರು ಸೇರಬಹುದು. ಕಾರ್ಡಿನ ಮೇಲೆ ಇದು ಬರೆದಿರುವುದಿಲ್ಲ.

ಅಜ್ಜಂದಿರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು. ಆದರೂ ನೊಗಕ್ಕೆ ಹೂಡಿ ನಾಲ್ಕು ಹೆಜ್ಜೆ ನಡೆಸದೆ ದುಡ್ಡು ಎಣಿಸುತ್ತಿರಲಿಲ್ಲ. ಮೈಕಟ್ಟು ಬೇರೆ, ನಡಿಗೆ ಬೇರೆ.

ಈ ವಾರ ನಾಲ್ಕು ಹೆಸರಾಂತ ಕಾರುಗಳ ನಡಿಗೆಯನ್ನು ಹೋಲಿಸಿ ನೋಡೋಣ. ಇಟಲಿಯ ಲ್ಯಾಂಬೋರ್ಗಿನಿ ಕೌಂಟಾಶ್, ಅದೇ ಇಟಲಿಯ ಫೆರಾರಿ ಎಫ್40, ಜರ್ಮನಿಯ ಪೋರ್ಷೆ 959 ಮತ್ತು ಜಪಾನಿನ ಹೋಂಡಾ ಎನ್‌ಎಸ್‌ಎಕ್ಸ್. ಇವತ್ತಿನ ಶಾಲಾ ಮಕ್ಕಳ ಅಪ್ಪ ಅಮ್ಮಂದಿರು ತಾವೇ ಮಕ್ಕಳಾಗಿದ್ದ ಕಾಲದಲ್ಲಿ ಹೆಸರು ಮಾಡಿದ ಕಾರುಗಳಿವು. ನಾಲ್ಕೂ ಒಂದೇ ಪ್ರಶ್ನೆಗೆ ಉತ್ತರ ಹುಡುಕಿದವು: ಕಾರು ಅಷ್ಟೊಂದು ವೇಗವಾಗಿ ಓಡುವಾಗ ಅದನ್ನು ಹತೋಟಿಯಲ್ಲಿ ಇಡಬೇಕಾದವರು ಯಾರು? ಮನುಷ್ಯನೋ, ಯಂತ್ರವೋ? ಉತ್ತರ ಮಾತ್ರ ನಾಲ್ಕು ಬಗೆ.

ಮೊದಲು ಭಾರದ ಲೆಕ್ಕ

ಎತ್ತಿನ ಗಾಡಿಗೆ ಮೂಟೆ ಹೇರುವುದು ಸುಮ್ಮನೆ ಆಗುವ ಕೆಲಸವಲ್ಲ. ಭಾರ ಮುಂದಕ್ಕೆ ಹೆಚ್ಚಾದರೆ ನೊಗ ಎತ್ತುಗಳ ಹೆಗಲನ್ನು ಅದುಮುತ್ತದೆ. ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೆದ್ದು ಕೊರಳಿನ ಹಗ್ಗ ಎತ್ತಿನ ಗಂಟಲನ್ನು ಒತ್ತುತ್ತದೆ. ಅಚ್ಚಿನ ಆಚೆ ಈಚೆ ಸಮವಾಗಿ ಹೇರಿದರೆ ಮಾತ್ರ ಗಾಡಿ ಸಲೀಸಾಗಿ ಸಾಗುತ್ತದೆ.

ಕಾರಿನಲ್ಲಿ ಎಲ್ಲಕ್ಕಿಂತ ಭಾರದ ಮೂಟೆ ಎಂದರೆ ಎಂಜಿನ್. ನಮ್ಮ ಮನೆ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಮುಂದೆ, ಬಾನೆಟ್ಟಿನ ಕೆಳಗಿರುತ್ತದೆ. ಕೌಂಟಾಶ್, ಎಫ್40 ಮತ್ತು ಎನ್‌ಎಸ್‌ಎಕ್ಸ್‌ಗಳಲ್ಲಿ ಅದು ಚಾಲಕನ ಬೆನ್ನ ಹಿಂದೆ, ಹಿಂದಿನ ಚಕ್ರಗಳ ಅಚ್ಚಿಗಿಂತ ಮುಂದೆ, ಅಂದರೆ ಕಾರಿನ ಹೊಟ್ಟೆಯಲ್ಲಿರುತ್ತದೆ. ಪೋರ್ಷೆ 959ರಲ್ಲಿ ಅದು ಹಿಂದಿನ ಅಚ್ಚನ್ನೂ ದಾಟಿ, ಬಾಲದ ತುದಿಯಲ್ಲಿರುತ್ತದೆ.

ಇದರಿಂದ ಏನು ವ್ಯತ್ಯಾಸ? ಮಕ್ಕಳೇ, ಮನೆಯಲ್ಲಿ ತಿರುಗುವ ಕುರ್ಚಿ ಇದ್ದರೆ ಹೀಗೆ ಮಾಡಿ ನೋಡಿ. ಎರಡೂ ಕೈಯಲ್ಲಿ ಒಂದೊಂದು ದಪ್ಪ ಪುಸ್ತಕ ಹಿಡಿದು, ಕೈ ಅಗಲ ಚಾಚಿ ಕುಳಿತುಕೊಳ್ಳಿ. ದೊಡ್ಡವರು ಯಾರಾದರೂ ಕುರ್ಚಿಯನ್ನು ಮೆಲ್ಲಗೆ ತಿರುಗಿಸಲಿ. ತಿರುಗುತ್ತಿರುವಾಗಲೇ ಪುಸ್ತಕಗಳನ್ನು ಎದೆಗೆ ಎಳೆದುಕೊಳ್ಳಿ. ಕುರ್ಚಿ ಥಟ್ಟನೆ ಜೋರಾಗಿ ತಿರುಗುತ್ತದೆ! ಭಾರ ನಡುವಿಗೆ ಹತ್ತಿರವಿದ್ದಷ್ಟೂ ತಿರುಗುವುದು ಸುಲಭ. ಎಂಜಿನ್ ಹೊಟ್ಟೆಯಲ್ಲಿರುವ ಕಾರು ತಿರುವಿನಲ್ಲಿ ಚುರುಕಾಗಿ ಹೊರಳುವುದು ಇದೇ ಕಾರಣಕ್ಕೆ. ಆದರೆ ಒಂದು ಕಷ್ಟವೂ ಉಂಟು. ಹಿಡಿತ ತಪ್ಪಿದರೆ ಅದು ಬುಗುರಿಯಂತೆ ಸುತ್ತುವುದೂ ಅಷ್ಟೇ ಚುರುಕಾಗಿ.

ಬಾಲಭಾರದ ಕಾರಿನ ಕಥೆ ಬೇರೆ. ತಿರುವಿನ ನಡುವೆ ಚಾಲಕ ಹೆದರಿ ಆಕ್ಸಲರೇಟರಿನಿಂದ ಕಾಲು ತೆಗೆದ ಅನ್ನಿ. ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರಗಳ ಮೇಲಿನ ಒತ್ತಡ ಕಡಿಮೆಯಾಗಿ ನೆಲದ ಹಿಡಿತ ಸಡಿಲವಾಗುತ್ತದೆ. ಆಗ ಬಾಲದಲ್ಲಿರುವ ಎಂಜಿನ್ ಹೊರಕ್ಕೆ ಬೀಸುತ್ತದೆ. ಉದ್ದನೆ ಬಿದಿರಿನ ಗಳ ಹೊತ್ತವರು ಓಣಿಯಲ್ಲಿ ಗಕ್ಕನೆ ತಿರುಗಿದಾಗ ಹಿಂದಿನ ತುದಿ ಯಾರಿಗೋ ಬಡಿಯುತ್ತದಲ್ಲ, ಹಾಗೆ.

ಈ ಲೆಕ್ಕ ತಲೆಯಲ್ಲಿರಲಿ. ಇನ್ನು ಒಂದೊಂದೇ ಕಾರಿನ ಬಾಗಿಲು ತೆರೆಯೋಣ.

ಅಬ್ಬಬ್ಬಾ ಎನಿಸುವ ಗೂಳಿ

ಲ್ಯಾಂಬೋರ್ಗಿನಿ ಕಂಪನಿಯನ್ನು ಕಟ್ಟಿದ ಫೆರುಚಿಯೊ ಲ್ಯಾಂಬೋರ್ಗಿನಿ ರೈತನ ಮಗ. ಎರಡನೇ ಮಹಾಯುದ್ಧ ಮುಗಿದ ಮೇಲೆ ಟ್ರ್ಯಾಕ್ಟರ್ ತಯಾರಿಸಿ ಸಾಹುಕಾರನಾದವನು. ತನ್ನ ಫೆರಾರಿ ಕಾರಿನ ಕ್ಲಚ್ ಪದೇ ಪದೇ ಕೆಡುತ್ತಿದೆ ಎಂದು ಎಂಜೊ ಫೆರಾರಿಗೆ ದೂರು ಹೇಳಲು ಹೋದ, ಟ್ರ್ಯಾಕ್ಟರ್ ಮಾಡುವವನಿಗೆ ಕಾರಿನ ವಿಷಯ ಏನು ಗೊತ್ತು ಎಂಬ ಧಾಟಿಯ ಉತ್ತರ ಸಿಕ್ಕಿತು, ಆ ಸಿಟ್ಟಿಗೆ ತಾನೇ ಕಾರು ಮಾಡಲು ಹೊರಟ ಎಂಬ ಕಥೆ ಇಟಲಿಯಲ್ಲಿ ಮನೆಮಾತು. ಕಥೆಗೆ ಎಷ್ಟು ಉಪ್ಪುಖಾರ ಸೇರಿದೆಯೋ, 1963ರಲ್ಲಿ ಅವನು ಕಾರಿನ ಕಂಪನಿ ತೆರೆದದ್ದಂತೂ ನಿಜ. ಫೆರಾರಿಯ ಗುರುತು ಕುದುರೆ. ವೃಷಭ ರಾಶಿಯಲ್ಲಿ ಹುಟ್ಟಿದ ಲ್ಯಾಂಬೋರ್ಗಿನಿ ತನ್ನ ಗುರುತಾಗಿ ಗೂಳಿಯನ್ನು ಆರಿಸಿಕೊಂಡ. ಎರಡೂ ಕಾರ್ಖಾನೆಗಳು ಒಂದೇ ಸೀಮೆಯಲ್ಲಿ, ಮೊಡೆನಾ ನಗರದ ಆಸುಪಾಸಿನಲ್ಲಿವೆ. ಒಂದೇ ಕೇರಿಯವರ ಜಿದ್ದು ಎಂದಾಯಿತು.

ಕೌಂಟಾಶ್ 1971ರಲ್ಲಿ ಜಿನೀವಾದ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡು, 1974ರಿಂದ ಮಾರಾಟಕ್ಕೆ ಬಂತು. ಆ ಹೆಸರು ಇಟಲಿಯ ಪಿಡ್ಮಾಂಟ್ ಪ್ರಾಂತ್ಯದ ಮಾತಿನ ಒಂದು ಉದ್ಗಾರ. ನಾವು ‘ಅಬ್ಬಬ್ಬಾ!’ ಎನ್ನುವ ಹಾಗೆ. ಕತ್ತಿಯಲ್ಲಿ ಕೊರೆದಂಥ ಮೈ, ಕತ್ತರಿಯ ಅಲಗಿನಂತೆ ಮೇಲಕ್ಕೆ ಏಳುವ ಬಾಗಿಲು. ಎತ್ತರ ಕೇವಲ 107 ಸೆಂಟಿಮೀಟರ್. ಒಂದನೇ ತರಗತಿಯ ಮಗು ಪಕ್ಕದಲ್ಲಿ ನಿಂತರೆ ಅದರ ತಲೆ ಕಾರಿಗಿಂತ ಮೇಲಿರುತ್ತದೆ.

ಓಡಿಸಲು ಹೇಗೆ? ಗೂಳಿಯೇ. ಪವರ್ ಸ್ಟೀರಿಂಗ್ ಇಲ್ಲ. ಅಗಲವಾದ ಚಕ್ರಗಳನ್ನು ನಿಂತಲ್ಲೇ ತಿರುಗಿಸಲು ರಟ್ಟೆಯ ಬಲ ಬೇಕು. ಕ್ಲಚ್ ತುಳಿಯಲು ತೊಡೆಯ ಬಲ ಬೇಕು. ಹನ್ನೆರಡು ಸಿಲಿಂಡರುಗಳ ಎಂಜಿನ್ ಬೆನ್ನಿಗೇ ಕೂತು ಗರ್ಜಿಸುತ್ತದೆ. ಅದರ ಕಾವು ಒಳಗೂ ಬರುತ್ತದೆ. ಗಿಯರ್ ಪೆಟ್ಟಿಗೆ ಎಂಜಿನ್ನಿನ ಮುಂದೆ, ಎರಡು ಸೀಟುಗಳ ನಡುವೆ ಚಾಚಿಕೊಂಡಿದೆ. ಕಿಟಕಿ ಪೂರ್ತಿ ಇಳಿಯುವುದಿಲ್ಲ, ಸ್ವಲ್ಪ ಸಂದಿ ಬಿಡುತ್ತದೆ ಅಷ್ಟೆ. ಹಿಂದಿನ ನೋಟವಂತೂ ಇಲ್ಲವೆಂದೇ ಹೇಳಬೇಕು. ಹಾಗಾಗಿ ಕೌಂಟಾಶ್ ಒಡೆಯರು ರಿವರ್ಸ್ ತೆಗೆಯುವ ಒಂದು ಉಪಾಯ ಕಂಡುಕೊಂಡರು: ಬಾಗಿಲನ್ನು ಮೇಲೆತ್ತುವುದು, ಅಗಲವಾದ ಹೊಸ್ತಿಲಿನ ಮೇಲೆ ಕುಳಿತುಕೊಳ್ಳುವುದು, ತಲೆ ಹೊರಗೆ ಚಾಚಿ ಹಿಂದೆ ನೋಡುತ್ತ ಕಾರನ್ನು ಹಿಮ್ಮೆಟ್ಟಿಸುವುದು!

ಆದರೆ ದಾರಿ ತೆರವಾಗಿ ವೇಗ ಏರಿದಂತೆ ಇದೇ ಕಾರು ಹದಕ್ಕೆ ಬರುತ್ತದೆ. ಭಾರವಾಗಿದ್ದ ಸ್ಟೀರಿಂಗ್ ಹಗುರವಾಗುತ್ತದೆ. ಊರೊಳಗೆ ಮುನಿಸು, ಬಯಲಿನಲ್ಲಿ ಹಿಗ್ಗು.

ಏನೂ ಇಲ್ಲದ ಕುದುರೆ

1987ರಲ್ಲಿ ಫೆರಾರಿ ಕಾರುಗಳಿಗೆ 40 ವರ್ಷ ತುಂಬಿತು. ಆ ನೆನಪಿಗೆ ಮಾಡಿದ್ದೇ ಎಫ್40. ಎಂಜೊ ಫೆರಾರಿ ತಾನೇ ನೋಡಿ ಒಪ್ಪಿಗೆ ಕೊಟ್ಟ ಕೊನೆಯ ಕಾರು ಇದು. ಮರುವರ್ಷ ಆಗಸ್ಟಿನಲ್ಲಿ, 90ನೇ ವಯಸ್ಸಿನಲ್ಲಿ ಅವನು ತೀರಿಕೊಂಡ.

ಈ ಕಾರಿನಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎಂದು ಹೇಳುವುದು ಸುಲಭ. ರೇಡಿಯೋ ಇಲ್ಲ. ನೆಲಕ್ಕೆ ಹಾಸು ಇಲ್ಲ. ಬಾಗಿಲಿಗೆ ಒಳಗಿನಿಂದ ಹಿಡಿಕೆ ಇಲ್ಲ, ಒಂದು ತಂತಿಹಗ್ಗವನ್ನು ಎಳೆದು ತೆರೆಯಬೇಕು. ಮೊದಮೊದಲ ಕಾರುಗಳಲ್ಲಿ ಕಿಟಕಿಗೆ ಗಾಜೂ ಇಲ್ಲ, ಜಾರಿಸುವ ಪ್ಲಾಸ್ಟಿಕ್ ಹಲಗೆ. ಪವರ್ ಸ್ಟೀರಿಂಗ್ ಇಲ್ಲ, ಬ್ರೇಕಿಗೆ ಯಂತ್ರದ ನೆರವಿಲ್ಲ, ಎಬಿಎಸ್ ಇಲ್ಲ. ಮೈ ಪೂರ್ತಿ ಕಾರ್ಬನ್ ನಾರು ಮತ್ತು ಕೆವ್ಲಾರ್ ನಾರಿನ ಹಲಗೆಗಳು. ಎಲ್ಲವೂ ತೂಕ ಇಳಿಸುವುದಕ್ಕಾಗಿ. ಒಂದು ದಯೆ ಮಾತ್ರ ತೋರಿಸಿದ್ದರು: ಏ.ಸಿ. ಇತ್ತು! ಬೆನ್ನ ಹಿಂದಿನ ಎಂಜಿನ್ನಿನ ಕಾವಿಗೆ ಅದಿಲ್ಲದೆ ನಡೆಯುತ್ತಿರಲಿಲ್ಲ.

ಎಂಜಿನ್ ಮೂರು ಲೀಟರಿಗಿಂತ ಚೂರು ಚಿಕ್ಕದು, ಎಂಟು ಸಿಲಿಂಡರ್. ಆದರೆ ಎರಡು ಟರ್ಬೊಗಳಿವೆ. ಟರ್ಬೊ ಎಂದರೆ ಕುಲುಮೆಯ ತಿದಿ ಇದ್ದ ಹಾಗೆ. ತಿದಿ ಒತ್ತಿ ಗಾಳಿ ಊದಿದರೆ ಕೆಂಡ ಹೇಗೆ ಭುಗಿಲೆನ್ನುತ್ತದೋ ಹಾಗೆ, ಟರ್ಬೊ ಹೆಚ್ಚಿನ ಗಾಳಿಯನ್ನು ಎಂಜಿನ್ನಿಗೆ ತುರುಕಿ ಶಕ್ತಿ ಹೆಚ್ಚಿಸುತ್ತದೆ. ಈ ತಿದಿಯನ್ನು ಒತ್ತುವವರು ಯಾರು? ಎಂಜಿನ್ನಿನಿಂದ ಹೊರಬೀಳುವ ಹೊಗೆಯೇ ಒಂದು ಪುಟ್ಟ ಗಿರಿಗಿಟ್ಟಲೆಯನ್ನು ತಿರುಗಿಸಿ ಆ ಕೆಲಸ ಮಾಡುತ್ತದೆ. ಆದರೆ ಹೊಗೆಯ ರಭಸ ಹೆಚ್ಚುವವರೆಗೆ ತಿದಿ ಸುಮ್ಮನಿರುತ್ತದೆ. ಎಫ್40ರ ಗುಟ್ಟೂ ಅಪಾಯವೂ ಇದೇ. ಆಕ್ಸಲರೇಟರ್ ಒತ್ತಿದರೆ ಮೊದಲು ಏನೂ ಆಗದು. ಒಂದು, ಎರಡು ಎಣಿಸುವಷ್ಟರಲ್ಲಿ ಒಮ್ಮೆಲೇ ಬೆನ್ನಿಗೆ ಯಾರೋ ಒದ್ದಂತೆ 478 ಅಶ್ವಶಕ್ತಿ ಬಂದು ಬೀಳುತ್ತದೆ. ಆ ಹೊತ್ತಿಗೆ ಕಾರು ನೆಟ್ಟಗಿದ್ದರೆ ಸರಿ. ತಿರುವಿನ ನಡುವೆ ಇದ್ದರೆ, ಅದರಲ್ಲೂ ನೆಲ ಒದ್ದೆಯಾಗಿದ್ದರೆ, ಹಿಂದಿನ ಚಕ್ರಗಳು ಜಾರುತ್ತವೆ.

ಹಾಗಾದರೆ ಇದನ್ನು ಓಡಿಸಿದವರು ಇಷ್ಟೊಂದು ಹೊಗಳಿದ್ದೇಕೆ? ಈ ಕಾರು ಏನನ್ನೂ ಮುಚ್ಚಿಡುವುದಿಲ್ಲ. ರಸ್ತೆಯ ಸಣ್ಣ ಕಲ್ಲೂ ಸ್ಟೀರಿಂಗಿನ ಮೂಲಕ ಅಂಗೈಗೆ ತಿಳಿಯುತ್ತದೆ. ಚಕ್ರ ಇನ್ನೇನು ಜಾರುತ್ತದೆ ಎನ್ನುವುದು ಬೆನ್ನಿಗೆ ಮೊದಲೇ ಗೊತ್ತಾಗುತ್ತದೆ. ತಪ್ಪು ಮಾಡಿದರೆ ಕ್ಷಮಿಸುವುದಿಲ್ಲ, ಸರಿ ಮಾಡಿದರೆ ಆ ಶ್ರೇಯಸ್ಸನ್ನು ಬೇರೆ ಯಾರಿಗೂ ಕೊಡುವುದಿಲ್ಲ.

ಎಲ್ಲವನ್ನೂ ಯೋಚಿಸಿದ ಮೇಷ್ಟ್ರು

ಪೋರ್ಷೆ 959 ಹುಟ್ಟಿದ್ದು ಅದೇ ಸಮಯದಲ್ಲಿ, ತೀರ ಉಲ್ಟಾ ಯೋಚನೆಯಿಂದ. ಎಫ್40ರಂತೆಯೇ ಎರಡು ಟರ್ಬೊ, ಮೂರು ಲೀಟರಿಗಿಂತ ಚಿಕ್ಕ ಎಂಜಿನ್, ಸಿಲಿಂಡರ್ ಮಾತ್ರ ಆರು. ಶಕ್ತಿ 450 ಅಶ್ವಶಕ್ತಿ, ವೇಗ ಗಂಟೆಗೆ ಸುಮಾರು 315 ಕಿ.ಮೀ. ಕಾರ್ಡಿನ ಮೇಲೆ ಎರಡೂ ಅಣ್ಣ ತಮ್ಮಂದಿರಂತೆ ಕಾಣುತ್ತವೆ.

ಆದರೆ ಪೋರ್ಷೆಯ ಎಂಜಿನಿಯರುಗಳು ಕೇಳಿಕೊಂಡದ್ದು ಬೇರೆಯೇ ಪ್ರಶ್ನೆ. ಮಳೆ ಬಂದರೆ? ಹಿಮ ಬಿದ್ದರೆ? ಚಾಲಕ ದಣಿದಿದ್ದರೆ? ಬಾಲಭಾರದ ತೊಂದರೆ ಅವರಿಗೆ ಹೊಸದಲ್ಲ, ದಶಕಗಳಿಂದ ಅದರೊಂದಿಗೆ ಗುದ್ದಾಡಿದವರು. ಈ ಸಲ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಟ್ಟರು. ಯಾವ ಅಚ್ಚಿಗೆ ಎಷ್ಟು ಎಂಬುದನ್ನು ಗಳಿಗೆ ಗಳಿಗೆಗೂ ಒಂದು ಕಂಪ್ಯೂಟರ್ ಹಂಚುತ್ತಿತ್ತು. ಒಣ ರಸ್ತೆ, ಒದ್ದೆ ರಸ್ತೆ, ಹಿಮ ಎಂದು ಚಾಲಕ ಒಂದು ಸನ್ನೆಯಿಂದ ಹೇಳಿದರೆ ಸಾಕು. ವೇಗ ಹೆಚ್ಚಿದಾಗ ಕಾರು ತಾನಾಗಿಯೇ ನೆಲಕ್ಕೆ ತಗ್ಗುತ್ತಿತ್ತು. ಚಕ್ರದ ಗಾಳಿ ಕಡಿಮೆಯಾದರೆ ದೀಪ ಹೊತ್ತಿ ಎಚ್ಚರಿಸುತ್ತಿತ್ತು. ಬ್ರೇಕಿಗೆ ಎಬಿಎಸ್ ಇತ್ತು. ಟರ್ಬೊ ಒಮ್ಮೆಲೇ ಒದೆಯದಂತೆ, ಮೊದಲು ಒಂದೇ ತಿದಿ ಊದಿ, ಎಂಜಿನ್ ಬಿರುಸಾದ ಮೇಲೆ ಎರಡನೆಯದು ಕೈಗೂಡಿಸುವ ಏರ್ಪಾಡು ಮಾಡಿದರು.

ಇಷ್ಟೆಲ್ಲ ಹೇರಿದ್ದಕ್ಕೆ ತೂಕ ಹೆಚ್ಚಾಯಿತು. ಓಡಲು ಸಿದ್ಧವಾಗಿ ನಿಂತ ಎಫ್40 ಸುಮಾರು 1,250 ಕಿಲೋ ಆದರೆ 959 ಸುಮಾರು 1,450 ಕಿಲೋ. ಮೂವರು ದೊಡ್ಡವರನ್ನು ಹೆಚ್ಚಿಗೆ ಹೊತ್ತು ಓಡಿದಂತೆ. ಆದರೆ ಆ ಭಾರಕ್ಕೆ ಬೆಲೆ ಸಿಕ್ಕಿತು. 1986ರ ಪ್ಯಾರಿಸ್–ಡಕಾರ್ ರ‍್ಯಾಲಿಯಲ್ಲಿ, ಸಹಾರಾ ಮರುಭೂಮಿಯ ಮರಳಿನಲ್ಲಿ ಮೂರು 959ಗಳು ಓಡಿದವು. ಒಂದು, ಎರಡು ಮತ್ತು ಆರನೇ ಸ್ಥಾನ ಅವಕ್ಕೇ. ಮರಳಿನಲ್ಲಿ ಗೆಲ್ಲುವ, ಹೆದ್ದಾರಿಯಲ್ಲಿ 300 ದಾಟುವ, ಸಂಜೆ ಸದ್ದಿಲ್ಲದೆ ಮನೆಗೆ ತಂದು ಬಿಡುವ ಕಾರು!

ದೂರು ಇರಲಿಲ್ಲವೇ? ಇತ್ತು. ಎಷ್ಟು ವೇಗವಾಗಿ ಹೋಗುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ ಎಂದು ಕೆಲವರು ಗೊಣಗಿದರು. ಕಷ್ಟವೆಲ್ಲ ಕಾರಿನದಾದರೆ ಖುಷಿ ಯಾರದು ಎಂಬುದು ಅವರ ತಕರಾರು.

ಮನೆಮಂದಿಯಂಥ ಕಾರು

1990ರಲ್ಲಿ ಮಾರುಕಟ್ಟೆಗೆ ಬಂದ ಎನ್‌ಎಸ್‌ಎಕ್ಸ್‌ಗೆ ಇವುಗಳ ಎದುರು ಕಾರ್ಡಿನ ಆಟದಲ್ಲಿ ಸೋಲೇ ಗತಿ. ಸುಮಾರು 270 ಅಶ್ವಶಕ್ತಿ, ಗಂಟೆಗೆ ಸುಮಾರು 270 ಕಿ.ಮೀ. ವೇಗ. ಆದರೆ ಹೋಂಡಾದವರ ಗುರಿ ಬೇರೆ ಇತ್ತು. ಫೆರಾರಿಯಂತೆ ಓಡಬೇಕು, ಆದರೆ ಅಂಗಡಿಗೆ ಹೋಗಿ ಬರುವಷ್ಟು ಸಲೀಸಾಗಿರಬೇಕು.

ಮೈಯನ್ನು ಪೂರ್ತಿ ಅಲ್ಯೂಮಿನಿಯಂನಿಂದ ಮಾಡಿದರು. ಯುದ್ಧವಿಮಾನದ ಕಾಕ್‌ಪಿಟ್ ಗಮನಿಸಿ, ಕುಳಿತವರಿಗೆ ಸುತ್ತಲೂ ಕಾಣುವಂತೆ ಗಾಜುಗಳನ್ನಿಟ್ಟರು. ಹೊಸ್ತಿಲ ಮೇಲೆ ಕೂತು ರಿವರ್ಸ್ ತೆಗೆಯುವ ಗೋಳು ಇಲ್ಲಿಲ್ಲ. ಟರ್ಬೊ ಇಲ್ಲದ ಎಂಜಿನ್ ಕಾಲಿನ ಮಾತನ್ನು ತಕ್ಷಣ ಕೇಳುತ್ತಿತ್ತು.

1989ರಲ್ಲಿ ಜಪಾನಿನ ಸುಜುಕಾ ಟ್ರ್ಯಾಕಿನಲ್ಲಿ ಬ್ರೆಜಿಲಿನ ವಿಶ್ವ ಚಾಂಪಿಯನ್ ಅಯರ್ಟನ್ ಸೆನ್ನಾ ಈ ಕಾರಿನ ಮಾದರಿಯನ್ನು ಓಡಿಸಿ ನೋಡಿದ. ಮೈಕಟ್ಟು ಇನ್ನೂ ಗಟ್ಟಿಯಾಗಬೇಕು ಎಂಬುದು ಅವನ ಅಭಿಪ್ರಾಯವಾಗಿತ್ತು. ಎಂಜಿನಿಯರುಗಳು ಬೇಸರಪಡಲಿಲ್ಲ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕಿನಲ್ಲಿ ಬೀಡುಬಿಟ್ಟು, ತಿಂಗಳುಗಟ್ಟಲೆ ತಿದ್ದಿದರು. ಫಲ ಎಷ್ಟು ಚೆನ್ನಾಗಿತ್ತು ಎಂದರೆ, ಮೆಕ್‌ಲಾರೆನ್ ಎಫ್1 ಎಂಬ ಮಹಾವೇಗದ ಕಾರನ್ನು ರೂಪಿಸುತ್ತಿದ್ದ ಗಾರ್ಡನ್ ಮರ್ರೆ, ಓಡಿಸುವ ಹದಕ್ಕೆ ಫೆರಾರಿ, ಪೋರ್ಷೆಗಳನ್ನು ಬಿಟ್ಟು ಈ ಹೋಂಡಾವನ್ನೇ ಅಳತೆಗೋಲಾಗಿ ಇಟ್ಟುಕೊಂಡ. ಅವನ ಕಾರು ಮುಂದೆ 1998ರಲ್ಲಿ ಗಂಟೆಗೆ 386 ಕಿ.ಮೀ. ವೇಗ ಮುಟ್ಟಿತು.

ಹಾಗಾದರೆ ಗೆದ್ದವರು ಯಾರು?

ಕಣ್ಣಿಗೆ ಹಬ್ಬ ಬೇಕಾದವರಿಗೆ ಕೌಂಟಾಶ್. ತನ್ನ ಕೈಚಳಕವನ್ನು ಒರೆಗೆ ಹಚ್ಚಬೇಕೆಂಬ ಪಳಗಿದವರಿಗೆ, ಟ್ರ್ಯಾಕಿನಲ್ಲಿ ಒಂದು ಗಂಟೆಯ ಮಟ್ಟಿಗೆ ಎಫ್40. ಜಡಿಮಳೆಯಲ್ಲಿ ದೇಶ ದಾಟಬೇಕಾದರೆ 959. ಒಂದೇ ಕಾರು ಇಟ್ಟುಕೊಂಡು ದಿನವೂ ಓಡಿಸುವವರಿಗೆ ಎನ್‌ಎಸ್‌ಎಕ್ಸ್. ಅಂಕಪಟ್ಟಿ ಇಟ್ಟು ಒಂದನೇ ರ‍್ಯಾಂಕ್ ಕೊಡುವ ಪೈಪೋಟಿ ಇದಲ್ಲ.

ಆದರೆ ಕಾಲ ಯಾರ ದಾರಿ ಹಿಡಿಯಿತು ಎಂದು ಕೇಳಿದರೆ ಉತ್ತರ ಸ್ಪಷ್ಟ. ಪೋರ್ಷೆಯ ದಾರಿ. ಈಗಿನ ಫೆರಾರಿ, ಲ್ಯಾಂಬೋರ್ಗಿನಿಗಳಲ್ಲೂ ಕಂಪ್ಯೂಟರುಗಳು ಚಕ್ರಗಳನ್ನು ಕಾಯುತ್ತವೆ. ಅದಕ್ಕೆ ಕಾರಣ ಸೋಮಾರಿತನವಲ್ಲ, ಲೆಕ್ಕ. ಗಂಟೆಗೆ 300 ಕಿ.ಮೀ. ಎಂದರೆ ಸೆಕೆಂಡಿಗೆ 83 ಮೀಟರ್, ನಾಲ್ಕು ಕ್ರಿಕೆಟ್ ಪಿಚ್‌ಗಳ ಉದ್ದ. ಎದುರಿಗೆ ಏನೋ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ನಾಲ್ಕೂ ಪಿಚ್ ದಾಟಿರುತ್ತೇವೆ. ಬ್ರೇಕ್ ಹಾಕಿದ ಮೇಲಿನ ಲೆಕ್ಕ ಇನ್ನೂ ಭಯಂಕರ. ವೇಗ ಎರಡರಷ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟು. 50ರ ವೇಗದಲ್ಲಿ 15 ಮೀಟರಿಗೆ ನಿಲ್ಲುವ ಕಾರಿಗೆ 100ರ ವೇಗದಲ್ಲಿ 60 ಮೀಟರ್ ಬೇಕು. 300ರಲ್ಲಿ? ಆರರಷ್ಟು ವೇಗ, ಮೂವತ್ತಾರರಷ್ಟು ದೂರ. 540 ಮೀಟರ್! ಯಾವ ಕಂಪನಿಯ ಕುದುರೆಯೂ ಗೂಳಿಯೂ ಈ ಲೆಕ್ಕವನ್ನು ಮೀರಲಾರದು. ನಮ್ಮೂರಿನ ರಸ್ತೆಯಲ್ಲಿ 40ಕ್ಕೂ 80ಕ್ಕೂ ಇರುವ ವ್ಯತ್ಯಾಸವೂ ಇದೇ ಲೆಕ್ಕದ್ದು.

ನಮ್ಮ ಮನೆ ಬಾಗಿಲಿಗೆ ಬಂದದ್ದು

ಎಬಿಎಸ್ 959ರ ಸ್ವಂತ ಸೊತ್ತೇನಲ್ಲ. 1978ರಲ್ಲೇ ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್ ಕಾರುಗಳಿಗೆ ಬಂದಿತ್ತು. ಒಂದು ಕಾಲದಲ್ಲಿ ಸಿರಿವಂತರ ಕಾರಿನಲ್ಲಷ್ಟೇ ಇದ್ದ ಇದು, 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಪ್ರತಿ ಹೊಸ ಕಾರಿಗೂ ಕಡ್ಡಾಯ. ಗಾಳಿ ಕಡಿಮೆಯಾದರೆ ಎಚ್ಚರಿಸುವ ದೀಪ ಕೂಡ ಈಗ ಎಷ್ಟೋ ಸಾಮಾನ್ಯ ಕಾರುಗಳಲ್ಲಿದೆ.

ಇಲ್ಲಿ ಅಜ್ಜಂದಿರಿಗೆ ಒಂದು ಮಾತು. ಅಂಬಾಸಿಡರ್, ಫಿಯೆಟ್ ಓಡಿಸಿದ ನೀವು ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನಿಲ್ಲಿಸುತ್ತಿದ್ದಿರಿ. ಚಕ್ರ ಪೂರ್ತಿ ಕಚ್ಚಿಕೊಂಡರೆ ಕಾರು ಜಾರುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಕೇಳುವುದಿಲ್ಲ ಎಂಬ ಅನುಭವದ ಜಾಣ್ಮೆ ಅದು. ಎಬಿಎಸ್ ಮಾಡುವುದೂ ಅದನ್ನೇ, ಆದರೆ ಸೆಕೆಂಡಿಗೆ ಹಲವು ಸಲ. ಹಾಗಾಗಿ ಎಬಿಎಸ್ ಇರುವ ಕಾರಿನಲ್ಲಿ ಹಳೆಯ ಅಭ್ಯಾಸ ಬಿಡಬೇಕು. ಅವಘಡದ ಗಳಿಗೆಯಲ್ಲಿ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಬಿಡಬೇಡಿ, ಸ್ಟೀರಿಂಗ್‌ನಿಂದ ದಾರಿ ತಪ್ಪಿಸಿಕೊಳ್ಳಿ. ಕಾಲಿನಡಿ ಪೆಡಲ್ ಗಡಗಡ ನಡುಗಿದರೆ ಹೆದರಬೇಡಿ. ಅದು ಕೆಟ್ಟಿಲ್ಲ, ಕೆಲಸ ಮಾಡುತ್ತಿದೆ.

ಮಕ್ಕಳಿಗೂ ಒಂದು ಕೆಲಸ ಇದೆ. ಮನೆಯ ಕಾರನ್ನು ಚಾಲೂ ಮಾಡುವಾಗ ಎದುರಿನ ಫಲಕವನ್ನು ಗಮನಿಸಿ. ಎಬಿಎಸ್ ಎಂಬ ಹಳದಿ ದೀಪ ಒಂದು ಕ್ಷಣ ಹೊತ್ತಿ ಆರುತ್ತದೆ. ‘ನಾನಿದ್ದೇನೆ’ ಎಂದು ಅದು ಹಾಜರಿ ಹೇಳುವ ಬಗೆ ಅದು. ಹೊತ್ತಿದ ದೀಪ ಆರದೇ ಉಳಿದರೆ ದೊಡ್ಡವರಿಗೆ ಹೇಳಿ, ಗ್ಯಾರೇಜಿಗೆ ಕಳಿಸಿ.